ಗೋಪಾಲಣ್ಣನ ತಪ್ಪಾಯ್ತು ಮತ್ತು ನಿನ್ನ ಸುರಂಗದ ನೀರು

ಅಪ್ಪಾ,

ಬಂದರು! ಗೋಪಾಲಣ್ಣ ಬಂದರು! ನಮ್ಮ ಮೇಲಿನ ಮನೆಯ ಗೋಪಾಲಣ್ಣ. ಒಂದು ಕಾಲದಲ್ಲಿ ನಿನ್ನ ಜೊತೆ ಒಂದೇ ಬೀಡಿ ಹಂಚಿಕೊಂಡು ಎಳೆದವರು, ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ನಮ್ಮ ಅಂಗಳದ ಕಡೆ ಮುಖ ಹಾಕದವರು. ಕಳೆದ ಸೋಮವಾರ ಬಾಯಾರು ಪೇಟೆಯ ನನ್ನ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿ ಬಂದು, ಹೆಗಲ ಮೇಲಿನ ಬೈರಾಸು ಟವೆಲನ್ನು ಕೈಗೆ ತೆಗೆದುಕೊಂಡು, "ತಪ್ಪಾಯ್ತು ಸುಮತಿ" ಎಂದರು. ನೀನು ಕೇಳಬೇಕಿದ್ದ ಮಾತು ಅದು. ನನ್ನ ಕಿವಿಗೆ ಬಿತ್ತು. ನಿನಗೆ ಮುಟ್ಟಿಸದೆ ನಾನು ಹೇಗೆ ಇರಲಿ? ಮೆಷಿನಿನ ಮೇಲಿದ್ದ ರವಿಕೆಯನ್ನು ಬದಿಗೆ ತಳ್ಳಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಜಗಳವಾಡಿದ್ದು, ನಕ್ಕದ್ದು ಎಲ್ಲ ತುಳುವಿನಲ್ಲೇ ಆದರೂ ಕಾಗದ ಎಂದ ಕೂಡಲೇ ನನ್ನ ಕೈ ಕನ್ನಡಕ್ಕೇ ಹೋಗುತ್ತದೆ. ಶಾಲೆಯಲ್ಲಿ ಕಲಿತದ್ದು ಅದನ್ನೇ ಅಲ್ಲವಾ? ಅಮ್ಮ ಅಲ್ಲೇ ಪಕ್ಕದಲ್ಲಿದ್ದರೆ ಓದಿ ಹೇಳು.

ಅವರಿಗೆ ನೀರಿಗಾಗಿ ನೀನು ಆ ಸುರಂಗ ತೋಡಿದ ಬೇಸಿಗೆ ನೆನಪುಂಟಾ ನಿನಗೆ? ನಾನಾಗ ಸಣ್ಣವಳು. ಗೋಪಾಲಣ್ಣನ ಗುಡ್ಡೆಯ ಬುಡದಲ್ಲಿ, ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟು ಅಗಲಕ್ಕೆ ತೂತು ಕೊರೆದು, ಬೆಳಿಗ್ಗೆ ಒಳಗೆ ಹೋದವನು ಮಧ್ಯಾಹ್ನದ ಗಂಜಿಗೆ ಅಡಿಯಿಂದ ಮುಡಿಯವರೆಗೆ ಕೆಂಪಾಗಿ ಹೊರಗೆ ಬರುತ್ತಿದ್ದೆ. ನೀನು ಪಿಕ್ಕಾಸಿನಲ್ಲಿ ಕಡಿಯುವುದು, ನಿನ್ನ ಜೊತೆಗಾರ ಬಟ್ಯಣ್ಣ ಮಣ್ಣನ್ನು ಬುಟ್ಟಿಯಲ್ಲಿ ಎಳೆದು ಹೊರಗೆ ಹಾಕುವುದು. ಗುಡ್ಡೆಯ ಹೊಟ್ಟೆಯೊಳಗೆ ಅಡ್ಡಕ್ಕೆ ಹೋಗುತ್ತಾ ಹೋಗುತ್ತಾ ಒಂದು ದಿನ ಒರತೆ ಸಿಕ್ಕಿತು. ನೀನು ಒಳಗಿಂದ ಕೂಗಿದ್ದು ಕೆಳಗಿನ ರಸ್ತೆಯಲ್ಲಿ ಹೋಗುವವರಿಗೂ ಕೇಳಿಸಿತ್ತು! ಮೊದಲ ನೀರನ್ನು ತೋಡಿದವನೇ ತೆಂಗಿನ ಚಿಪ್ಪಿನ ಗೆರಟೆಯಲ್ಲಿ ಹಿಡಿದು ಮನೆಯ ಯಜಮಾನನ ಬೊಗಸೆಗೆ ಹೊಯ್ಯಬೇಕು, ಅವನು ಒಂದು ತುಂಡು ಬೆಲ್ಲ ಕಚ್ಚಿ ಕುಡಿಯಬೇಕು. ನಿನ್ನ ಪದ್ಧತಿ ಅದು. ಗೋಪಾಲಣ್ಣ ಕುಡಿದು, ನಿನ್ನನ್ನು ಕೆಸರಿನ ಸಮೇತ ಅಪ್ಪಿಕೊಂಡು, ಬಿಳಿ ಅಂಗಿಯನ್ನೆಲ್ಲ ಕೆಂಪು ಮಾಡಿಕೊಂಡಿದ್ದರು. ಆ ತೆಂಗಿನ ಗೆರಟೆಯನ್ನು ನೀನು ಸುರಂಗದ ಒಳಗೆ ದೀಪ ಇಡುವ ಗೂಡಿನಲ್ಲಿ ಇಟ್ಟು ಬಂದೆ. ಅದನ್ನು ನೆನಪಿಟ್ಟುಕೋ, ಆಮೇಲೆ ಹೇಳುತ್ತೇನೆ.

ಭಜನಾ ಮಂದಿರದ ಆ ಶನಿವಾರವನ್ನು ಮಾತ್ರ ನಿನಗೆ ನೆನಪು ಮಾಡುವ ಅಗತ್ಯ ಇಲ್ಲ. ನಾನು ಪ್ಲಸ್ ಟು ಓದುತ್ತಿದ್ದೆ. ಆ ವರ್ಷ ಗೋಪಾಲಣ್ಣನ ಸುರಂಗ ಇದ್ದಕ್ಕಿದ್ದಂತೆ ಬತ್ತಿತು. ಅದೇ ತಿಂಗಳು ನೀನು ಗುಡ್ಡೆಯ ಆಚೆ ಬದಿಯ ಮನೆಯವರಿಗೆ ತೋಡಿಕೊಟ್ಟ ಹೊಸ ಸುರಂಗದಲ್ಲಿ ನೀರು ಬಂತು. ಸಾಕಲ್ಲ ಮನುಷ್ಯನ ತಲೆ ಕೆಡಲಿಕ್ಕೆ! ಭಜನೆ ಮುಗಿದು ಎಲ್ಲರೂ ಅವಲಕ್ಕಿಗೆ ಸಾಲಾಗಿ ಕೂತಿರುವಾಗ ಗೋಪಾಲಣ್ಣ ಎದ್ದು ನಿಂತು, ನಿನ್ನ ಕಡೆ ಕೈ ತೋರಿಸಿ, "ಐತಪ್ಪ ನನ್ನ ಒರತೆಗೆ ಮಣ್ಣು ಮೆತ್ತಿ ಮುಚ್ಚಿದ್ದಾನೆ. ಅಲ್ಲಿಗೆ ನೀರು ಹೋಗ್ಲಿ ಅಂತ" ಎಂದರು. ನಿನ್ನ ಕೈಯಲ್ಲಿ ಬಾಳೆಲೆ ಇತ್ತು. "ಒಳಗೆ ಹೋಗಿ ನೋಡುವ ಗೋಪಾಲ, ಈಗಲೇ ಹೋಗುವ" ಎಂದೆ ನೀನು. "ನನ್ನ ಸುರಂಗಕ್ಕೆ ಇನ್ನು ಕಾಲಿಟ್ಟರೆ ನೋಡು" ಎಂದರು ಅವರು. ಯಾರಾದರೂ ಒಬ್ಬರು ಎದ್ದು, ಹೋಯ್, ಅದೆಂತ ಮಾತು ಗೋಪಾಲ ಎಂದಿದ್ದರೆ... ಒಬ್ಬರೂ ಏಳಲಿಲ್ಲ. ನೀನು ಎಲೆಯನ್ನು ಹಾಗೇ ಕೆಳಗಿಟ್ಟು, ನನ್ನ ಕೈ ಹಿಡಿದು ಹೊರಗೆ ಬಂದೆ.

ಆಮೇಲಿನ ನಿನ್ನ ನಡಿಗೆ ನನಗೆ ಚೆನ್ನಾಗಿ ನೆನಪುಂಟು. ಬಸ್ಸಿಗೆ ಹೋಗಲು ಗೋಪಾಲಣ್ಣನ ಸುರಂಗದ ಬಾಯಿಯ ಮುಂದಿನ ಕಾಲುದಾರಿ ಹತ್ತಿರ. ನೀನು ಅದನ್ನು ಬಿಟ್ಟು ಶಾಲೆಯ ಕಡೆಯಿಂದ ಸುತ್ತು ಹಾಕಿ ಹೋಗುತ್ತಿದ್ದೆ, ಮಂಡಿನೋವು ಶುರುವಾದ ಮೇಲೂ. ಸುರಂಗಕ್ಕೆಂದು ನಿನ್ನನ್ನು ಮತ್ತೆ ಯಾರೂ ಕರೆಯಲಿಲ್ಲ. ಕೆಂಪುಕಲ್ಲು ಕಡಿಯುವ ಕೋರೆಗೆ ಕೆಲಸಕ್ಕೆ ಹೋದೆ. ಗೋಪಾಲಣ್ಣ ಬೋರ್‌ವೆಲ್ ಕೊರೆಸಿದರು. ರೇಷನ್ ಅಂಗಡಿಯಲ್ಲಿ ನಾನು ಚೀಲ ಹಿಡಿದು ನಿಂತರೆ ಹಿಂದಿನಿಂದ ಯಾರೋ ಇನ್ಯಾರಿಗೋ ಹೇಳುವುದು ಕೇಳುತ್ತಿತ್ತು, "ನೀರು ಮುಚ್ಚಿದವನ ಮಗಳು." ನಾನು ತಿರುಗಿ ಜಗಳಕ್ಕೆ ನಿಂತು ಮನೆಗೆ ಬಂದರೆ ನೀನು, "ನಿನ್ನ ಬಾಯಿಗೆ ಒಂದು ಬೀಗ ತರಬೇಕು ಮಾರಾಯ್ತಿ" ಎಂದು ನಗಾಡುತ್ತಿದ್ದೆ. ನಗಾಡಿದ ಮೇಲೆ ಅಂಗಳಕ್ಕೆ ಹೋಗಿ ತುಂಬಾ ಹೊತ್ತು ಬರುತ್ತಿರಲಿಲ್ಲ.

ಈಗ ಕೇಳು, ನಿಜ ಹೊರಗೆ ಬಂದದ್ದು ಹೇಗೆ ಅಂತ. ಈ ಬೇಸಿಗೆಯಲ್ಲಿ ಗೋಪಾಲಣ್ಣನ ಬೋರ್‌ವೆಲ್‌ನಲ್ಲಿ ಬರೀ ಗಾಳಿ. ಅವರ ಮಗ ದಿನೇಶ, ಹಳೇ ಸುರಂಗವನ್ನು ಒಮ್ಮೆ ನೋಡುವ ಎಂದು ಕೆಲಸದವರನ್ನು ಕರೆದುಕೊಂಡು ಒಳಗೆ ನುಗ್ಗಿದ. ಸ್ವಲ್ಪ ದೂರ ಹೋಗುವಾಗ ದಾರಿ ಬಂದ್. ತಲೆಯ ಮೇಲಿನ ಮಾಡು ಕುಸಿದು ಮಣ್ಣು ಬಿದ್ದಿತ್ತು. ಸರಿಯಾಗಿ ಅದರ ಮೇಲೆ ಏನಿತ್ತು ಗೊತ್ತುಂಟಾ ಅಪ್ಪಾ? ಗೋಪಾಲಣ್ಣನ ಜೀಪಿನ ಶೆಡ್! ನೀರು ನಿಂತ ವರ್ಷವೇ ಅವರು ಜೇಸಿಬಿ ತರಿಸಿ, ತಮ್ಮದೇ ಸುರಂಗದ ನೆತ್ತಿಯ ಮೇಲೆ ಗುಡ್ಡೆ ಕೆರೆಸಿ ಶೆಡ್ ಕಟ್ಟಿಸಿದ್ದು. ಮೇಲಿನ ಅದುರಾಟಕ್ಕೆ ಒಳಗೆ ಜರಿದಿದೆ. ದಿನೇಶ ಮಣ್ಣು ತೆಗೆಸಿ, ಮರದ ಕಂಬ ಕೊಟ್ಟು ನಿಲ್ಲಿಸಿ ಆಚೆ ಹೋದರೆ, ನೀರು ನಿಲ್ಲಿಸಲಿಕ್ಕೆ ಒರತೆಯ ಮುಂದೆ ನೀನು ಕಟ್ಟಿದ ಕಟ್ಟೆ ಕಟ್ಟಿದ ಹಾಗೇ ಉಂಟು, ಒರತೆಗೆ ಯಾರೂ ಮಣ್ಣು ಮೆತ್ತಿಲ್ಲ. ಅದರ ಹಿಂದೆ ನೀರು ಮೊಣಕಾಲುದ್ದ ನಿಂತಿದೆ. ಪಕ್ಕದ ಗೂಡಿನಲ್ಲಿ ನಿನ್ನ ಗೆರಟೆ! ದಿನೇಶ ಅದನ್ನು ತಂದು ತಂದೆಯ ಕೈಗೆ ಕೊಟ್ಟನಂತೆ. ಗೋಪಾಲಣ್ಣ ಜಗಲಿಯಲ್ಲಿ ಕೂತವರು ಆ ದಿನ ಊಟಕ್ಕೇ ಏಳಲಿಲ್ಲವಂತೆ.

ಮಾರನೇ ದಿನ ಅಂಗಡಿಗೆ ಬಂದರಲ್ಲ, ಆಗ ನಾನು ಏನು ಮಾಡಿದೆ ಗೊತ್ತಾ? ಕೇಳಿದರೆ ನೀನು ತಲೆಗೆ ಕೈ ಹೊತ್ತುಕೊಳ್ಳುತ್ತಿ. ಅವರು ಬಾಗಿಲಲ್ಲೇ ನಿಂತು, "ತಪ್ಪಾಯ್ತು ಸುಮತಿ. ಐತಪ್ಪ ಎಂತದೂ ಮಾಡಿರ್ಲಿಲ್ಲ. ನಾನು..." ಎಂದರು. ನಾನು ಬಾಯಿಯಲ್ಲಿದ್ದ ಗುಂಡುಸೂಜಿ ತೆಗೆದು, "ಅಯ್ಯೋ ಬಿಡಿ ಗೋಪಾಲಣ್ಣ, ಅದೆಂತ ಈಗ! ಹಳೇ ವಿಷಯ. ಕೂತ್ಕೊಳ್ಳಿ, ಸೋಡ ತರಿಸ್ತೇನೆ" ಎಂದೆ. ಬ್ಲೌಸ್ ಕೊಂಡುಹೋಗಲು ತಡವಾಗಿ ಬಂದ ಗಿರಾಕಿಗೆ ಹೇಳುವ ಹಾಗೆ! ಅವರು ನನ್ನ ಮುಖವನ್ನೇ ನೋಡಿದರು. ಇನ್ನೂ ಏನೋ ಹೇಳಲಿಕ್ಕಿತ್ತು ಅವರಿಗೆ, ಬಾಯಿ ತೆರೆದಿದ್ದರು ಕೂಡ. ಆಮೇಲೆ "ಹಾಗಾದ್ರೆ... ಆಯ್ತು" ಎಂದು ಬೈರಾಸನ್ನು ಹೆಗಲಿಗೆ ಹಾಕಿ ಇಳಿದು ಹೋದರು. ಸೋಡ ಬಂತು, ಕುಡಿಯುವವರು ಇರಲಿಲ್ಲ.

ಸಂಜೆ ವಸಂತನಿಗೆ ಹೇಳಿದೆ. ನಿನ್ನ ಅಳಿಯ ಗೊತ್ತುಂಟಲ್ಲ, ಸುಮ್ಮನೆ ಬಿಡುವ ಜನ ಅಲ್ಲ. "ಮದುವೆ ಆದ ದಿನದಿಂದ ಗೋಪಾಲಣ್ಣನಿಗೆ ಹೇಳುವ ಭಾಷಣ ನನ್ನ ಕಿವಿಗೆ ಊದಿದ್ದೀ. ಕೊನೆಗೆ ಅವ್ರು ಎದುರಿಗೆ ಬಂದು ನಿಂತಾಗ 'ಬಿಡಿ' ಅಂದ್ಯಾ? ಭೇಷ್ ಮಾರಾಯ್ತಿ!" ಎಂದು ಹೊಟ್ಟೆ ಹಿಡಿದು ನಕ್ಕ. ನನಗೆ ಸಿಟ್ಟು ನೆತ್ತಿಗೇರಿತು. ಅವನ ಮೇಲಲ್ಲ, ನನ್ನ ಮೇಲೆ. ನಿಜವಾಗಿಯೂ ಆ ಭಾಷಣ ನನಗೆ ಬಾಯಿಪಾಠ. ಎಷ್ಟು ಲಂಗ, ಎಷ್ಟು ಯೂನಿಫಾರಂ ಹೊಲಿಯುವಾಗ ಅದನ್ನು ಒಪ್ಪ ಮಾಡಿದ್ದೇನೆ! ಒಂದು ಶಬ್ದ ಬರಲಿಲ್ಲ. ಬಂದದ್ದು "ಬಿಡಿ." ನಾನು ಬಿಟ್ಟಿದ್ದೇನಾ ಅಪ್ಪಾ? ಬಿಟ್ಟಿದ್ದರೆ ಎದೆಯೊಳಗೆ ಹೀಗೆ ಕುದಿಯುವುದು ಯಾಕೆ?

ಆಗಲೇ ನನಗೆ ಬಟ್ಯಣ್ಣ ಮತ್ತು ಕೋಳಿ ಅಂಕದ ಕಥೆ ನೆನಪಾದದ್ದು. ನೀನು ಒಳಗೆ ಕಡಿಯುವಾಗ ಬಟ್ಯಣ್ಣ ಸುರಂಗದ ಬಾಯಿ ಬಿಟ್ಟು ಕದಲಬಾರದು, ಒಳಗಿಂದ ಕೂಗಿದರೆ ಓ ಅನ್ನಬೇಕು. ಒಂದು ದಿನ ಅವರು ಜಾಗ ಬಿಟ್ಟು ಪೈವಳಿಕೆ ಕಡೆಗೆ ಕೋಳಿ ಕಾದಾಡಿಸುವ ಅಂಕಕ್ಕೆ ಓಡಿದ್ದರು. ಒಳಗೆ ನಿನ್ನ ದೀಪ ಆರಿತು. ಕೂಗಿದರೆ ಓ ಎನ್ನುವವರಿಲ್ಲ. ಕತ್ತಲಲ್ಲಿ ಹಿಂದೆ ಹಿಂದೆ ತೆವಳುತ್ತಾ ಹೊರಗೆ ಬಂದಿದ್ದೆ. ಮರುದಿನ ಬೆಳಿಗ್ಗೆ ಬಟ್ಯಣ್ಣ ನಮ್ಮ ಅಂಗಳಕ್ಕೆ ಬಂದು, ನೆಲ ನೋಡುತ್ತಾ, "ತಪ್ಪಾಯ್ತು" ಎಂದು ಗಡಿಬಿಡಿಯಲ್ಲಿ ಹೇಳಿ ತಿರುಗಿದರು. ನೀನು ಬಿಡಲಿಲ್ಲ. "ಕೂತ್ಕೊ ಬಟ್ಯ. ಎಂತ ತಪ್ಪಾಯ್ತು? ಪೂರ್ತಿ ಹೇಳು" ಎಂದೆ. ಬಟ್ಯಣ್ಣ ಕೂತರು, ಎಲ್ಲ ಹೇಳಿದರು. ಯಾರ ಕೋಳಿ ಸೋತಿತು ಎನ್ನುವುದು ಕೂಡ! ನೀನು ನಡುವೆ ಒಂದು ಮಾತೂ ಹಾಕಲಿಲ್ಲ. ಕೊನೆಗೆ, "ನಂಗೆ ಹೆದರಿಕೆ ಆಯ್ತು ಬಟ್ಯ. ಈ ಹುಡುಗಿಯ ಮುಖ ಕಣ್ಣಿಗೆ ಬಂತು" ಎಂದೆ. ಬಟ್ಯಣ್ಣ ಬೈರಾಸಿನಲ್ಲಿ ಕಣ್ಣೊರೆಸಿಕೊಂಡರು. "ಆಯ್ತು. ಹೇಳಿದೆಯಲ್ಲ, ಮುಗೀತು. ನಾಳೆ ಬೇಗ ಬಾ" ಎಂದೆ ನೀನು.

ಅವರು ಹೋದ ಮೇಲೆ ನಾನು ನಿನ್ನನ್ನು ಕೇಳಿದ್ದೆ, ಪಾಪ, ಅಷ್ಟು ದೊಡ್ಡ ಜನವನ್ನು ಕೂರಿಸಿ ಎಲ್ಲ ಹೇಳಿಸಿದ್ದು ಯಾಕೆ, ಪರವಾಗಿಲ್ಲ ಎಂದು ಕಳಿಸಬಾರದಿತ್ತಾ ಎಂದು. ನೀನು ಕಾಲಿನ ಮಣ್ಣು ಉಜ್ಜುತ್ತಾ ಹೇಳಿದ್ದು ಇವತ್ತೂ ಕಿವಿಯಲ್ಲಿ ಉಂಟು. "ಅವ ಅದನ್ನ ಇಡೀ ರಾತ್ರಿ ಹೊತ್ಕೊಂಡು ಬಂದದ್ದು ಮಗಾ. ಎಂತದೂ ಆಗ್ಲಿಲ್ಲ ಅಂತ ನಾನು ಹೇಳಿದ್ರೆ ಅವ ಅದನ್ನ ಎಲ್ಲಿ ಇಳಿಸುದು? ತಿರುಗಿ ಮನೆಗೇ ಹೊತ್ಕೊಂಡು ಹೋಗ್ಬೇಕಲ್ಲ." ಅಬ್ಬಾ! ಆವಾಗ ನನಗೆ ತಲೆಬುಡ ಅರ್ಥ ಆಗಿರಲಿಲ್ಲ. ಸೋಮವಾರ ಸಂಜೆ ಅರ್ಥವಾಯಿತು. ಗೋಪಾಲಣ್ಣ ಹೊತ್ತುಕೊಂಡು ಬಂದದ್ದನ್ನು ನಾನು ಇಳಿಸಲಿಕ್ಕೇ ಬಿಟ್ಟಿರಲಿಲ್ಲ. ಸೋಡ ಕುಡಿಯಿರಿ ಎಂದು ಅದರ ಸಮೇತ ವಾಪಸು ಕಳಿಸಿದ್ದೆ.

ಮಂಗಳವಾರ ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಸೀದಾ ಗುಡ್ಡೆ ಹತ್ತಿದೆ. ಆ ಮನೆಯ ಜಗಲಿ ಮೆಟ್ಟಿ ಎಷ್ಟು ವರ್ಷ! ಗೋಪಾಲಣ್ಣ ಎದ್ದು ನಿಂತರು. ನಾನು ಒಂದೇ ಉಸಿರಿಗೆ, "ನಿನ್ನೆ ನಾನು ಸುಳ್ಳು ಹೇಳಿದೆ ಗೋಪಾಲಣ್ಣ. ಬಿಡಿ ಅಂದೆ, ಆದ್ರೆ ನಾನು ಬಿಟ್ಟಿಲ್ಲ. ನೀವು ಹೇಳ್ಲಿಕ್ಕೆ ಬಂದದ್ದನ್ನ ನಾನು ಹೇಳ್ಲಿಕ್ಕೆ ಬಿಡ್ಲಿಲ್ಲ. ಈಗ ಹೇಳಿ. ಪೂರ್ತಿ ಹೇಳಿ, ನಾನು ಕೂತ್ಕೊಂಡು ಕೇಳ್ತೇನೆ" ಎಂದೆ. ಕೂತೆ. ಬಾಯಿ ಮುಚ್ಚಿ ಕೂತೆ ಅಪ್ಪಾ, ನಾನು! ನಂಬುತ್ತೀಯಾ?

ಅವರು ಹೇಳಿದರು. ಜೀಪು, ಶೆಡ್ಡು, ಜೇಸಿಬಿ. ನೀರು ನಿಂತಾಗ ತಮ್ಮ ಶೆಡ್ಡಿನ ಮೇಲೆ ಒಂದು ಸಣ್ಣ ಸಂಶಯ ಬಂದದ್ದು. "ಬಂದಿತ್ತು ಸುಮತಿ, ಬರ್ಲಿಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ. ಆದ್ರೆ ಊರವರ ಎದುರು ಅಷ್ಟು ಹೇಳಿ ಆಗಿತ್ತಲ್ಲ. ಐತಪ್ಪ ಒಳಗೆ ಹೋಗಿ ನೋಡಿದ್ರೆ ನನ್ನ ಮಾನ ಹೋಗ್ತಿತ್ತು. ಅದಕ್ಕೇ ಬಿಡ್ಲಿಲ್ಲ." ಇದನ್ನು ಕೇಳುವಾಗ ನನ್ನ ಕೈ ಕುರ್ಚಿಯ ಹಿಡಿಯನ್ನು ಹಿಂಡುತ್ತಿತ್ತು. ಅಯ್ಯೋ, ಎದ್ದು ನಾಲ್ಕು ಬೈದುಬಿಡಲಾ ಎನಿಸಿತು. ಭಾಷಣ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅವರು ಮುಗಿಸಿದಾಗ ನನ್ನ ಬಾಯಿಯಿಂದ ಬಂದದ್ದು ಭಾಷಣವಲ್ಲ. "ಅಪ್ಪ ತೀರಿಹೋಗುವವರೆಗೂ ಶಾಲೆ ಸುತ್ತಿ ಬಸ್ಸಿಗೆ ಹೋಗ್ತಿದ್ರು. ಮಂಡಿ ನೋವಲ್ಲಿ. ನಿಮ್ಮ ಸುರಂಗದ ಬಾಯಿ ನೋಡ್ಲಿಕ್ಕೆ ಆಗುದಿಲ್ಲ ಅಂತ" ಎಂದೆ. ಅಷ್ಟೇ. ಗೋಪಾಲಣ್ಣ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ. ದಿನೇಶ ಬಾಗಿಲವರೆಗೆ ಬಂದವನು ಹಾಗೇ ಒಳಗೆ ಹೋದ.

ಸ್ವಲ್ಪ ಹೊತ್ತಿನ ಮೇಲೆ ಅವರು, "ನನ್ನನ್ನ ಕ್ಷಮಿಸ್ತೀಯಾ?" ಎಂದು ಕೇಳಿದರು. ಹೂಂ ಅನ್ನಲಾ? ಹೂಂ ಅನ್ನಲಿಕ್ಕೆ ನಾನು ಯಾರು? ಆ ಶನಿವಾರ ಎಲೆ ಕೆಳಗಿಟ್ಟವನು ನೀನು. ಕೊನೆಗೆ ಇದ್ದದ್ದನ್ನೇ ಹೇಳಿದೆ. "ನನ್ನ ಪಾಲಿದ್ದು ನಾನು ಕೊಟ್ಟೆ ಗೋಪಾಲಣ್ಣ. ಇವತ್ತೇ ಕೊಟ್ಟೆ, ಮನಸಾರೆ ಕೊಟ್ಟೆ. ಅಪ್ಪನ ಪಾಲಿದ್ದು ನಾನು ಕೊಡ್ಲಿಕ್ಕೆ ಆಗುದಿಲ್ಲ. ಅದು ಅವರದ್ದು." ಅವರು ತಲೆಯಾಡಿಸಿದರು. "ಹಾಗಾದ್ರೆ ಐತಪ್ಪನತ್ರ ನಾನು ಎಲ್ಲಿ ಕೇಳುದು?" ಎಂದರು, ಎಷ್ಟು ಸಣ್ಣ ಸ್ವರದಲ್ಲಿ! ನಾನು ಎದ್ದು ಚಪ್ಪಲಿ ಹಾಕಿಕೊಂಡೆ. "ಶನಿವಾರ ಭಜನೆ ಉಂಟಲ್ಲ. ಬೇಗ ಬನ್ನಿ" ಎಂದೆ. ಹೇಳಿ ಗುಡ್ಡೆ ಇಳಿಯುವಾಗ ತಿಳಿಯಿತು ನನಗೆ, ಅದು ನನ್ನ ಮಾತಲ್ಲ, ಬಟ್ಯಣ್ಣನಿಗೆ ನೀನು ಹೇಳಿದ್ದು.

ಶನಿವಾರ ಅವರು ನಿಜವಾಗಿಯೂ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು! ಭಜನೆ ಮುಗಿಯಿತು. ಎಲ್ಲರೂ ಅವಲಕ್ಕಿಗೆ ಸಾಲಾಗಿ ಕೂತರು. ಗೋಪಾಲಣ್ಣ ಎದ್ದು, ಕಂಬ ಹಿಡಿದುಕೊಂಡು, ಅದೇ ಜಾಗದಲ್ಲಿ ನಿಂತು ಹೇಳಿದರು. ಐತಪ್ಪ ನೀರು ಮುಚ್ಚಲಿಲ್ಲ, ನನ್ನ ಶೆಡ್ಡಿನಿಂದ ಆದದ್ದು, ನಾನು ಸುಳ್ಳು ಹೇಳಿ ಅವನ ಹೆಸರು ಹಾಳು ಮಾಡಿದೆ, ತಪ್ಪಾಯ್ತು. ಆಗ ಮೂಲೆಯಿಂದ ಬಟ್ಯಣ್ಣ! ಈಗ ಅವರಿಗೆ ಕೋಲು ಬೇಕು, ಕಿವಿಯೂ ಮಂದ. "ಎಂತ? ಕೇಳ್ಲಿಲ್ಲ. ಇನ್ನೊಮ್ಮೆ ಹೇಳು ಗೋಪಾಲ, ಸ್ವಲ್ಪ ಗಟ್ಟಿಗೆ!" ಎಂದರು. ಗೋಪಾಲಣ್ಣ ಇನ್ನೊಮ್ಮೆ ಹೇಳಿದರು, ರಸ್ತೆಗೆ ಕೇಳುವಷ್ಟು ಗಟ್ಟಿಯಾಗಿ. ಸ್ವರ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ಆಮೇಲೆ ಅವಲಕ್ಕಿ ತಿನ್ನುವಾಗ ನಾನು ಪಿಸುಗುಟ್ಟಿದರೆ ಬಟ್ಯಣ್ಣನಿಗೆ ಸರಿಯಾಗಿ ಕೇಳಿಸುತ್ತಿತ್ತು ಅಪ್ಪಾ. ನನಗೆ ಸಂಶಯ ಉಂಟು. ನಿನಗೂ ಇರಬಹುದು.

ಭಾನುವಾರ ಬೆಳಿಗ್ಗೆ ಸುರಂಗದ ಬಾಯಿಯಲ್ಲಿ ನಾವೆಲ್ಲ ನಿಂತಿದ್ದೆವು. ವಸಂತ, ದಿನೇಶ, ಕೋಲೂರಿ ಬಟ್ಯಣ್ಣ. ದಿನೇಶ ಜೀಪಿನ ಶೆಡ್ ಕಳಚಿ ಹಾಕಿಯಾಗಿತ್ತು. ನೀರು ಪೈಪಿನಲ್ಲಿ ಬರುತ್ತಿತ್ತು, ತೆಳ್ಳಗೆ, ಆದರೆ ಬಿಡದೆ. ಗೋಪಾಲಣ್ಣ ನಿನ್ನ ಗೆರಟೆಯಲ್ಲಿ ಹಿಡಿದರು. ನಾನು ಬೊಗಸೆ ಒಡ್ಡಿದೆ. ಅವರು ಹೊಯ್ದ ಗಡಿಬಿಡಿಗೆ ಅರ್ಧ ನೀರು ನನ್ನ ಸೀರೆಗೇ ಹೋಯಿತು! ಬೆಲ್ಲ ಕಚ್ಚಿ ಉಳಿದರ್ಧ ಕುಡಿದೆ. ತಣ್ಣಗೆ, ಸ್ವಲ್ಪ ಮಣ್ಣಿನ ರುಚಿ. ನೀನು ಸಂಜೆ ಮನೆಗೆ ಬಂದಾಗ ನಿನ್ನ ಮೈಯಿಂದ ಬರುತ್ತಿದ್ದ ಅದೇ ವಾಸನೆ. ನಾನು ಗೆರಟೆಯನ್ನು ಒಳಗೆ ಕೊಂಡುಹೋಗಿ, ಹೆದರುತ್ತಾ ಹೆದರುತ್ತಾ ಬಗ್ಗಿ ಹೋಗಿ, ಗೂಡಿನಲ್ಲಿ ನೀನಿಟ್ಟ ಹಾಗೇ ಇಟ್ಟು ಬಂದೆ. ಸುರಂಗದ ಬಾಯಿಯಲ್ಲಿ ಬಟ್ಯಣ್ಣ ನಿಂತಿದ್ದರು. ನಾನು ಒಳಗಿಂದ ಕೂಗಿದಾಗಲೆಲ್ಲ ಓ ಎಂದರು.

ಇವತ್ತು ಬೆಳಿಗ್ಗೆ ರೇಷನ್ ಅಂಗಡಿಗೆ ಹೋಗಿದ್ದೆ. ಹಿಂದೆ ನಿಂತಿದ್ದ ಮುದುಕಿಯೊಬ್ಬರು ತಮ್ಮ ಸೊಸೆಗೆ ಹೇಳಿದ್ದು ಕೇಳಿತು, "ಇವಳು ಐತಪ್ಪನ ಮಗಳು. ಗೋಪಾಲನ ಗುಡ್ಡೆಯಿಂದ ನೀರು ತೆಗ್ದವನ ಮಗಳು." ನಾನು ತಿರುಗಲಿಲ್ಲ. ಚೀಲ ಹಿಡಿದು ಹಾಗೇ ನಿಂತು ಇನ್ನೊಮ್ಮೆ ಹೇಳುತ್ತಾರಾ ಎಂದು ಕಾದೆ.

ಬರುವಾಗ ಬಸ್ಸಿನಿಂದಿಳಿದು ಶಾಲೆಯ ಕಡೆಗೆ ಹೋಗಲಿಲ್ಲ, ಸುರಂಗದ ಎದುರಿನ ಕಾಲುದಾರಿಯಲ್ಲೇ ಬಂದೆ. ಇನ್ನು ನಾನು ಆ ದಾರಿಯಲ್ಲೇ ನಡೆಯುತ್ತೇನೆ, ನಿನ್ನ ಪಾಲಿನದ್ದನ್ನೂ ಸೇರಿಸಿ. ಗೋಪಾಲಣ್ಣನಿಗೆ ನೀನು ಕೊಡಬೇಕಾದ್ದು ನಿನ್ನ ಹತ್ತಿರವೇ ಇರಲಿ, ಅವಸರವೇನೂ ಇಲ್ಲ. ಅವರಿಗೆ ಇಲ್ಲಿ ಇನ್ನೂ ಕೆಲಸ ಉಂಟು, ಸುರಂಗದ ಮಾಡಿಗೆ ಕಲ್ಲು ಕಟ್ಟಿಸಲಿಕ್ಕುಂಟು. ಆದರೆ ಒಂದು ದಿನ ಅವರು ಅಲ್ಲಿಗೂ ಬರುತ್ತಾರೆ, ಬೈರಾಸು ಕೈಯಲ್ಲಿ ಹಿಡಿದುಕೊಂಡು, ನೆಲ ನೋಡುತ್ತಾ. ಆಗ ನೀನು ಕೂತ್ಕೊ ಗೋಪಾಲ ಅನ್ನು. ಪೂರ್ತಿ ಹೇಳಲಿ. ಈಗ ಅವರಿಗೆ ಅಭ್ಯಾಸ ಆಗಿದೆ.

ನಿನ್ನ ಬಾಯಿಬಡುಕಿ ಮಗಳು,
ಸುಮತಿ